ಕರುವಿನ ಮೈಯಿಂದ ಅವ್ವನ ತೋಳಿನವರೆಗೆ: ಬೆಳಗಾವಿಯ ವ್ಯಾಕ್ಸಿನ್ ಡಿಪೋ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಬೆಳಗಾವಿಯವರಿಗೆಲ್ಲ ಗೊತ್ತು. ಬೆಳಗಿನ ನಡಿಗೆಗೆ ಬರುವವರಿಗೆ ಅದು ಮರಗಳ ತಂಪು, ಹುಡುಗರಿಗೆ ಆಟದ ಬಯಲು, ಉಳಿದವರಿಗೆ ಪ್ರದರ್ಶನ ನಡೆಯುವ ಮೈದಾನ. ಹೆಸರಿನಲ್ಲಿರುವ ‘ವ್ಯಾಕ್ಸಿನ್’ ಯಾವುದು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ನಾನು ಅವ್ವನ ಜೊತೆ ಅಲ್ಲಿಗೆ ನಡೆಯಲು ಹೋಗುತ್ತ ಬಹಳ ವರ್ಷಗಳಾದವು. ನೆರೆಮನೆಯ ಮಕ್ಕಳು, ಫಾರ್ಮಸಿ ಓದುವ ವಿದ್ಯಾರ್ಥಿಗಳು, ಪರ ಊರಿನಿಂದ ಬಂದ ನೆಂಟರು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಈ ಹೆಸರು ಹೇಗೆ ಬಂತು? ಇಲ್ಲಿ ಲಸಿಕೆಯನ್ನು ಕೂಡಿಡುತ್ತಿದ್ದರೇ?

ಬಸ್ ಡಿಪೋದಲ್ಲಿ ಬಸ್ಸುಗಳು ತಂಗುವಂತೆ ಇಲ್ಲಿ ಲಸಿಕೆಯ ದಾಸ್ತಾನು ಇರುತ್ತಿತ್ತು ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಮಾತು. ಇಲ್ಲಿ ಲಸಿಕೆ ತಯಾರಾಗುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆಯನ್ನು ಪ್ರಾಣಿಗಳ ಮೈಮೇಲೆ ಬೆಳೆಸಿ, ಹದಗೊಳಿಸಿ, ಊರೂರಿಗೆ ಕಳಿಸುವ ಕೇಂದ್ರಗಳಿಗೆ ಡಿಪೋ ಎಂಬ ಹೆಸರಿತ್ತು. 1890ರಲ್ಲಿ ಶಿಲ್ಲಾಂಗಿನಲ್ಲಿ ಅಂಥದೊಂದು ಕೇಂದ್ರ ಆರಂಭವಾಗಿತ್ತು. ಬೆಳಗಾವಿಯದು ನೆಲೆಗೊಂಡದ್ದು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಈ ಭಾಗವೆಲ್ಲ ಮುಂಬೈ ಪ್ರಾಂತ್ಯದಲ್ಲಿದ್ದಾಗ. ಸರ್ಕಾರಿ ಕಾಗದಗಳಲ್ಲಿ ಅದು ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್. ಜನರ ಬಾಯಲ್ಲಿ ಮಾತ್ರ ಡಿಪೋ ಎಂದೇ ಉಳಿಯಿತು.

ಇದು ಯಾವ ಔಷಧ ಕಂಪನಿಗೆ ಸೇರಿತ್ತು?

ಯಾವ ಕಂಪನಿಗೂ ಅಲ್ಲ. ಈ ಪ್ರಶ್ನೆ ಈಗ ಹೆಚ್ಚಾಗಿ ಬರುತ್ತಿರುವುದಕ್ಕೆ ಕಾರಣವಿದೆ. ಲಸಿಕೆ ಎಂದ ಕೂಡಲೇ 1966ರಲ್ಲಿ ಶುರುವಾದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್, 1996ರಲ್ಲಿ ಶುರುವಾದ ಹೈದರಾಬಾದಿನ ಭಾರತ್ ಬಯೋಟೆಕ್ ಇಂದಿನವರ ನೆನಪಿಗೆ ಬರುತ್ತವೆ. ಬೆಳಗಾವಿಯ ಸಂಸ್ಥೆ ಮೊದಲು ಮುಂಬೈ ಸರ್ಕಾರದ ಕೈಯಲ್ಲಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದಾಗ ಅದೂ ಜೊತೆಗೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು.

ಆ ಹೊತ್ತಿಗೆ ದೇಶದಲ್ಲಿ ಔಷಧ ಕಂಪನಿಗಳು ಇರಲಿಲ್ಲವೆಂದಲ್ಲ. ಪ್ರಫುಲ್ಲಚಂದ್ರ ರಾಯ್ ಕಟ್ಟಿದ ಬೆಂಗಾಲ್ ಕೆಮಿಕಲ್ಸ್ 1901ರಲ್ಲಿ ಕಂಪನಿಯಾಗಿತ್ತು. ಬರೋಡಾದ ಅಲೆಂಬಿಕ್ 1907ರದು, ಸಿಪ್ಲಾ 1935ರದು. ಆದರೆ ಸಿಡುಬಿನ ಲಸಿಕೆಯ ಲೆಕ್ಕವೇ ಬೇರೆ. ಅದನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದವರಿಗೂ, ಬೇಡವೆಂದು ಓಡಿಹೋಗುವವರಿಗೂ ಹಾಕಲೇಬೇಕಿತ್ತು. ಒಂದು ಕೇರಿಯಲ್ಲಿ ಹತ್ತು ಮನೆ ಬಿಟ್ಟರೆ ರೋಗ ಅಲ್ಲಿಯೇ ಉಳಿದು ಮತ್ತೆ ಊರಿಗೆಲ್ಲ ಹರಡುತ್ತದೆ. ಬೇಡವೆನ್ನುವವನಿಗೂ ಕೊಡಬೇಕಾದ ಸರಕನ್ನು ಅಂಗಡಿಯಲ್ಲಿಟ್ಟು ಮಾರಲಾಗದು. ಆದ್ದರಿಂದಲೇ ಬೆಳಗಾವಿ, ಮದ್ರಾಸಿನ ಗಿಂಡಿ, ಹಿಮಾಚಲದ ಕಸೌಲಿ, ನೀಲಗಿರಿಯ ಕೂನೂರಿನ ಲಸಿಕಾ ಸಂಸ್ಥೆಗಳೂ ಮುಂಬೈನ ಹಾಫ್‌ಕಿನ್ ಸಂಸ್ಥೆಯೂ ಲಾಭಕ್ಕಾಗಿ ಹುಟ್ಟಿದವಲ್ಲ. ನಮ್ಮ ಜಿಲ್ಲೆಯ ಫಾರ್ಮಸಿ ವಿದ್ಯಾರ್ಥಿಗಳು ಕಂಪನಿಗಳ ಚರಿತ್ರೆಯನ್ನು ಓದುವಷ್ಟೇ ಶ್ರದ್ಧೆಯಿಂದ ಇವುಗಳ ಚರಿತ್ರೆಯನ್ನೂ ಓದಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸಿಡುಬು, ಮೈಲಿ, ದೇವಿ, ಗೊಬ್ಬರ: ಇವೆಲ್ಲ ಒಂದೇ ರೋಗವೇ?

ಅಲ್ಲ. ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಸಿಡುಬು ಮತ್ತು ಮೈಲಿ ಎರಡೂ ಒಂದೇ ರೋಗದ ಹೆಸರುಗಳು. ನಮ್ಮ ಗಡಿಭಾಗದಲ್ಲಿ ಕನ್ನಡದವರೂ ಮರಾಠಿಯವರೂ ಅದನ್ನು ದೇವಿ ಎಂದರು. ಲಸಿಕೆ ಹಾಕಿಸಿಕೊಳ್ಳುವುದಕ್ಕೂ ‘ದೇವಿ ಹಾಕಿಸಿಕೊಳ್ಳುವುದು’ ಎನ್ನುವ ಮಾತಿತ್ತು. ಗೊಬ್ಬರ ಎಂದರೆ ದಡಾರ, ಅದು ಬೇರೆಯೇ ರೋಗ. ಇಂದಿಗೂ ಮಕ್ಕಳಿಗೆ ಬರುವ ನೀರುಗುಳ್ಳೆಯ ಚಿಕನ್‌ಪಾಕ್ಸ್ ಕೂಡ ಬೇರೆ. ‘ಅಮ್ಮ ಬಂದಿದ್ದಾಳೆ’ ಎಂಬ ಮಾತನ್ನು ಇವೆಲ್ಲಕ್ಕೂ ಬಳಸುತ್ತಿದ್ದುದರಿಂದ ಹಳಬರ ನೆನಪುಗಳನ್ನು ಕೇಳುವಾಗ ಎಚ್ಚರ ಬೇಕು.

ಸಿಡುಬಿನ ಉಗ್ರ ರೂಪದಲ್ಲಿ ಸೋಂಕು ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಕುಳಿಗಳು ಉಳಿಯುತ್ತಿದ್ದವು, ಕೆಲವರ ಕಣ್ಣು ಹೋಗುತ್ತಿತ್ತು. ಅದಕ್ಕೆ ಔಷಧವಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ವಾಸನೆಯನ್ನೂ ನೆಂಟರನ್ನೂ ದೂರವಿಟ್ಟು ಕಾಯುವುದೊಂದೇ ದಾರಿ. ಹೊರಗಿನವರನ್ನು ಮನೆಯೊಳಗೆ ಬಿಡದ ಆ ಕಟ್ಟಳೆಯಿಂದ ಎಷ್ಟೋ ಜನರಿಗೆ ಸೋಂಕು ತಪ್ಪಿರಬೇಕು ಎಂದು ನನಗೆ ಅನಿಸುತ್ತದೆ.

ಲಸಿಕೆಯನ್ನು ಕರುವಿನ ಮೈಮೇಲೆ ಬೆಳೆಸುತ್ತಿದ್ದರು ಎನ್ನುತ್ತಾರಲ್ಲ, ನಿಜವೇ?

ನಿಜ. ಕೇಳಿದ ಮಕ್ಕಳು ಕಣ್ಣರಳಿಸುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಿಡುಬಿನ ಲಸಿಕೆಯಲ್ಲಿ ಇದ್ದದ್ದು ವ್ಯಾಕ್ಸಿನಿಯಾ ಎಂಬ ಜೀವಂತ ವೈರಾಣು. ಅದು ಸಿಡುಬಿನ ವೈರಾಣುವಿನ ಸೌಮ್ಯ ನೆಂಟ. ವೈರಾಣು ಬೆಳೆಯಲು ಜೀವಂತ ಚರ್ಮ ಬೇಕು. ಆರೋಗ್ಯವಂತ ಕರುವನ್ನು ಆರಿಸಿ, ಕೆಲವು ದಿನ ಬೇರೆಯಾಗಿ ಕಟ್ಟಿ, ಯಾವ ರೋಗವೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ ಎಮ್ಮೆಯ ಕರುಗಳನ್ನೂ ಬಳಸುತ್ತಿದ್ದರು. ಕರುವಿನ ಹೊಟ್ಟೆ ಮತ್ತು ಪಕ್ಕೆಯ ಕೂದಲನ್ನು ಬೋಳಿಸಿ, ತೊಳೆದು, ಚರ್ಮದ ಮೇಲೆ ಸಾಲುಸಾಲಾಗಿ ತೆಳುವಾದ ಗೀರು ಎಳೆಯುತ್ತಿದ್ದರು. ರಕ್ತ ಹರಿಯುವಷ್ಟು ಆಳಕ್ಕಲ್ಲ, ಮೇಲುಪದರ ಬಿಡುವಷ್ಟು ಮಾತ್ರ. ಆ ಗೀರುಗಳಿಗೆ ಬೀಜದ ಲಸಿಕೆಯನ್ನು ಸವರುತ್ತಿದ್ದರು. ಹೆಪ್ಪಿಗೆ ಮಜ್ಜಿಗೆ ಎತ್ತಿಡುವಂತೆ ಈ ಬೀಜವನ್ನು ಹಿಂದಿನ ತಂಡದಿಂದ ಎತ್ತಿಟ್ಟಿರುತ್ತಿದ್ದರು. ಕರು ಆ ಜಾಗವನ್ನು ನೆಕ್ಕದಂತೆ, ಕೊಳೆ ತಗುಲದಂತೆ ನೋಡಿಕೊಳ್ಳುವುದೇ ಒಂದು ದೊಡ್ಡ ಕೆಲಸ.

ನಾಲ್ಕೈದು ದಿನಗಳಲ್ಲಿ ಗೀರುಗಳುದ್ದಕ್ಕೂ ಗುಳ್ಳೆಗಳು ಏಳುತ್ತಿದ್ದವು. ಅವು ಒಣಗುವ ಮೊದಲು ಅಂಚು ಹರಿತವಾದ ಚಮಚದಿಂದ ಕೆರೆದು ತೆಗೆದರೆ ಸಿಗುವ ಮುದ್ದೆಯೇ ಲಸಿಕೆಯ ಕಚ್ಚಾ ಸಾಮಗ್ರಿ. ಅದನ್ನು ಗ್ಲಿಸರಿನ್ ಬೆರೆಸಿ ನುಣ್ಣಗೆ ಅರೆದು ಕೆಲವು ವಾರ ತಂಪಿನಲ್ಲಿ ಇಡುತ್ತಿದ್ದರು. ಗ್ಲಿಸರಿನ್ ಮಾಡುವ ಕೆಲಸ ಅದ್ಭುತವಾದದ್ದು: ಕರುವಿನ ಚರ್ಮದಿಂದ ಬಂದ ಬ್ಯಾಕ್ಟೀರಿಯಾಗಳು ಅದರಲ್ಲಿ ನಿಧಾನವಾಗಿ ಸಾಯುತ್ತವೆ, ಬೇಕಾದ ವೈರಾಣು ಬದುಕಿಕೊಳ್ಳುತ್ತದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಮಾಂಕ್ಟನ್ ಕೋಪ್‌ಮನ್ ಈ ಗುಣವನ್ನು ತೋರಿಸಿಕೊಟ್ಟ ಮೇಲೆ ಜಗತ್ತಿನ ಲಸಿಕಾ ಕೇಂದ್ರಗಳೆಲ್ಲ ಇದೇ ಪದ್ಧತಿಗೆ ಬಂದವು. ಸಿದ್ಧವಾದ ಲಸಿಕೆಯನ್ನು ಕಡ್ಡಿಯಷ್ಟು ಸಣ್ಣ ಗಾಜಿನ ನಳಿಗೆಗಳಿಗೆ ತುಂಬಿ ತುದಿಯನ್ನು ಉರಿಗೆ ಹಿಡಿದು ಮುಚ್ಚುತ್ತಿದ್ದರು.

‘ವ್ಯಾಕ್ಸಿನ್’ ಪದದಲ್ಲಿ ಹಸು ಇದೆಯಂತೆ. ‘ಲಸಿಕೆ’ಯಲ್ಲಿ ಏನಿದೆ?

ಲ್ಯಾಟಿನ್ನಿನ ‘ವಾಕ್ಕ’ ಎಂದರೆ ಹಸು. 1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಸಿಡುಬನ್ನು ತಡೆಯಲೆಂದು, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಮೇಲಿನ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. ವ್ಯಾಕ್ಸಿನ್ ಎಂಬ ಹೆಸರು ಅಲ್ಲಿಂದ ಬಂದದ್ದು. ನಮ್ಮ ‘ಲಸಿಕೆ’ಯ ಮೂಲ ಸಂಸ್ಕೃತದ ‘ಲಸೀಕಾ’, ಎಂದರೆ ಮೈಯೊಳಗಿನ ತಿಳಿರಸ. ಗುಳ್ಳೆಯ ರಸಕ್ಕೆ ಇಂಗ್ಲಿಷಿನಲ್ಲಿ ಲಿಂಫ್ ಎನ್ನುತ್ತಿದ್ದರು, ಅದಕ್ಕೆ ಸರಿಯಾಗಿ ನಮ್ಮಲ್ಲಿ ಲಸಿಕೆ, ಮರಾಠಿಯಲ್ಲಿ ಲಸ್. ಇಂದು ಕರುವಾಗಲಿ ಗುಳ್ಳೆಯಾಗಲಿ ಇಲ್ಲದ ಲಸಿಕೆಗಳಿಗೂ ಇವೇ ಹೆಸರುಗಳು.

ಇನ್ನೊಂದು ಮಾತು. 1902ರ ಅಮೆರಿಕದ ಹಳೆಯ ಲಸಿಕೆಯೊಂದನ್ನು ಇತ್ತೀಚೆಗೆ ಪರೀಕ್ಷಿಸಿದಾಗ ಅದರ ವೈರಾಣು ಹಸುವಿನ ಸಿಡುಬಿಗಿಂತ ಕುದುರೆಯ ಸಿಡುಬಿಗೆ ಹತ್ತಿರವಾಗಿತ್ತು. ಈ ಸಂಗತಿ 2017ರಲ್ಲಿ ಪ್ರಕಟವಾಯಿತು.

ಕರುಗಳಿಗಿಂತ ಮೊದಲು ಲಸಿಕೆ ಊರಿಂದ ಊರಿಗೆ ಹೇಗೆ ಹೋಗುತ್ತಿತ್ತು?

ಮಕ್ಕಳ ತೋಳಿನ ಮೇಲೆ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು ಮುಂಬೈನಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ. ವಿಯೆನ್ನಾದಿಂದ ಹೊರಟ ಲಸಿಕೆ ಬಾಗ್ದಾದ್, ಬಸ್ರಾ ದಾಟಿ ಬಂದಿತ್ತು. ಆ ಮಗುವಿನ ತೋಳಿನ ಗುಳ್ಳೆ ಪಕ್ವವಾದಾಗ ಅದರ ರಸವನ್ನು ಇನ್ನಷ್ಟು ಮಕ್ಕಳಿಗೆ, ಅವರಿಂದ ಮತ್ತೊಂದು ಊರಿನ ಮಕ್ಕಳಿಗೆ ಹಾಕುತ್ತ ಸರಪಳಿ ಮುಂದುವರಿಯಿತು. ಎಂಟು ದಿನಕ್ಕೊಮ್ಮೆ ಹೊಸ ತೋಳು ಸಿಗದಿದ್ದರೆ ಸರಪಳಿ ಕಡಿಯಿತು. ಒಂದು ಮಗುವಿನ ಮೈಯಲ್ಲಿದ್ದ ಬೇರೆ ರೋಗ ಇನ್ನೊಂದಕ್ಕೆ ದಾಟುವ ಅಪಾಯವೂ ಇತ್ತು. ಗುಳ್ಳೆಯನ್ನು ಚುಚ್ಚಿ ರಸ ತೆಗೆಯುವುದು ಮಗುವಿಗೆ ನೋವು, ತಾಯಿಗೆ ಸಂಕಟ. ಕರುಗಳು ಬಂದ ಮೇಲೆ ಮಕ್ಕಳು ಈ ಹೊರೆಯಿಂದ ಪಾರಾದರು.

ಬೆಳಗಾವಿಯೇ ಏಕೆ? ವಿಜಯಪುರವೋ ಬಾಗಲಕೋಟೆಯೋ ಏಕಲ್ಲ?

ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಉತ್ತರ ಕಾಣುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಪಶ್ಚಿಮ ಘಟ್ಟದ ಮಗ್ಗುಲು. ಲಸಿಕೆಯೊಳಗಿನ ವೈರಾಣುವಿಗೆ ಬಿಸಿಲೇ ಶತ್ರು. ಶಿಲ್ಲಾಂಗ್, ಕಸೌಲಿ, ನೈನಿತಾಲದ ಹತ್ತಿರದ ಪಟವಾಡಾಂಗರ್, ನೀಲಗಿರಿಯ ಕೂನೂರು: ಆ ಕಾಲದ ಎಷ್ಟೋ ಲಸಿಕಾ ಕೇಂದ್ರಗಳು ತಂಪಿನ ಊರುಗಳಲ್ಲೇ ಇವೆ. ಬೆಳಗಾವಿಗೆ 1880ರ ದಶಕದಲ್ಲೇ ಪುಣೆ ಕಡೆಯ ರೈಲು ಬಂದಿತ್ತು, ದಂಡು ಪ್ರದೇಶವಿತ್ತು, ಮೇವಿಗೂ ದನಕರುಗಳಿಗೂ ಕೊರತೆ ಇರಲಿಲ್ಲ. ಹೊರಗೆ ರಣಬಿಸಿಲು ಇರುವ ಏಪ್ರಿಲ್ ತಿಂಗಳಲ್ಲಿ ಡಿಪೋದ ಮರಗಳ ಕೆಳಗೆ ಹೋಗಿ ನಿಂತವರಿಗೆ ಈ ಜಾಗವನ್ನು ಆರಿಸಿದವರ ಲೆಕ್ಕ ಮೈಗೇ ತಿಳಿಯುತ್ತದೆ.

ಹಾಗಾದರೆ ಬಿಸಿಲ ಸೀಮೆಗೆ ಲಸಿಕೆ ಕೆಡದೆ ತಲುಪುತ್ತಿತ್ತೇ?

ಬಹಳ ಸಲ ತಲುಪುತ್ತಿರಲಿಲ್ಲ. ಅಂದಿನ ಲಸಿಕಾ ಕಾರ್ಯಕ್ರಮದ ದೊಡ್ಡ ಸೋಲು ಇದೇ. ಗ್ಲಿಸರಿನ್ ಲಸಿಕೆ ತಂಪಿನಲ್ಲಿ ತಿಂಗಳುಗಟ್ಟಲೆ ಬಾಳಿದರೂ ಬೇಸಿಗೆಯ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಇಂಡಿ, ಸಿಂದಗಿಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ಲಸಿಕೆ ಹಾಕುವ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಆದರೆ ಸಿಡುಬು ಏರುತ್ತಿದ್ದದ್ದು ಚಳಿ ಮುಗಿದ ಮೇಲಿನ ಒಣ ತಿಂಗಳುಗಳಲ್ಲಿ. ಲಸಿಕೆ ಹಾಕಿಸಿಕೊಂಡ ಮೇಲೂ ರೋಗ ಬಂತು ಎಂದು ಹಳ್ಳಿಯವರು ದೂರಿದಾಗ ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ತೋಳಿಗೆ ಹಾಕಿದ್ದು ಬಿಸಿಲಿಗೆ ಸತ್ತುಹೋದ ಲಸಿಕೆಯಾಗಿರುವುದು ಸಾಧ್ಯವಿತ್ತು.

ಇದಕ್ಕೆ ಪರಿಹಾರ ಬಂದದ್ದು 1950ರ ದಶಕದಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್, ಲಸಿಕೆಗೆ ಪೆಪ್ಟೋನ್ ಎಂಬ ಪ್ರೋಟೀನಿನ ಸಾರ ಬೆರೆಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರಿನಂಶವನ್ನು ಎಳೆದು ತೆಗೆದು ಪುಡಿ ಮಾಡುವ ವಿಧಾನವನ್ನು ದೊಡ್ಡ ಪ್ರಮಾಣದ ತಯಾರಿಕೆಗೆ ಹೊಂದಿಸಿದರು. ಆ ಪುಡಿ 37 ಡಿಗ್ರಿ ಬಿಸಿಯಲ್ಲಿ ಒಂದು ತಿಂಗಳಿಟ್ಟರೂ ಕೆಡುತ್ತಿರಲಿಲ್ಲ. ಹಾಕುವ ಮುನ್ನ ದ್ರವ ಬೆರೆಸಿಕೊಂಡರೆ ಸಾಕು. ಭಾರತದಲ್ಲಿ ಇಂಥ ಒಣ ಲಸಿಕೆಯನ್ನು ತಯಾರಿಸಿದ ನಾಲ್ಕು ಕೇಂದ್ರಗಳು ಪಟವಾಡಾಂಗರ್, ಹೈದರಾಬಾದ್, ಮದ್ರಾಸಿನ ಗಿಂಡಿ ಮತ್ತು ನಮ್ಮ ಬೆಳಗಾವಿ. ದೇಶಕ್ಕೆ ಇವು ನಾಲ್ಕೇ ಸಾಲದೆ ಸೋವಿಯತ್ ಒಕ್ಕೂಟದಿಂದ ಬಂದ ಲಸಿಕೆಯನ್ನೂ ಬಳಸಲಾಯಿತು. ಆದರೂ ನಾಲ್ಕರಲ್ಲಿ ಒಂದು ನಮ್ಮ ಟಿಳಕವಾಡಿಯದು ಎಂಬುದನ್ನು ಇಲ್ಲಿನ ಪ್ರತಿ ಶಾಲೆಯ ಮಕ್ಕಳೂ ತಿಳಿದಿರಬೇಕು.

ಜನ ಲಸಿಕೆಯನ್ನು ಒಪ್ಪಿಕೊಂಡರೇ? ದೇವಿಗೆ ಸಿಟ್ಟು ಬರುತ್ತದೆ ಎಂದು ಹೆದರಲಿಲ್ಲವೇ?

ಹೆದರಿದವರಿದ್ದರು, ಅಡಗಿದವರಿದ್ದರು. ಆದರೆ ‘ಅಜ್ಞಾನಿ ಹಳ್ಳಿಗರು ವಿರೋಧಿಸಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನನ್ನ ಅಜ್ಜಿಯ ಊರು ಬೈಲಹೊಂಗಲದ ಹತ್ತಿರ. ಅವಳ ಮುಖದ ತುಂಬ ಸಿಡುಬಿನ ಕುಳಿಗಳು. ಅವಳಿಗೆ ಸಿಡುಬು ಬಂದ ಬೇಸಿಗೆಯಲ್ಲೇ ಅವಳ ತಂಗಿ ತೀರಿಕೊಂಡಿದ್ದಳು. ಮುಂದೆ ದೇವಿ ಹಾಕುವವರು ಊರಿಗೆ ಬಂದಾಗ ಆರು ವರ್ಷದ ಅವ್ವ ಹಿತ್ತಲಿನ ಬಣವೆಯ ಸಂದಿಯಲ್ಲಿ ಹೋಗಿ ಕುಳಿತಳಂತೆ. ಎಳೆದು ತಂದವಳು ಅಜ್ಜಿಯೇ. ಬೆಳಿಗ್ಗೆ ದ್ಯಾಮವ್ವನಿಗೆ ಎಡೆ ಕೊಟ್ಟು, ಕುಂಕುಮ ಹಚ್ಚಿಸಿಕೊಂಡು ಬಂದು, ಮಧ್ಯಾಹ್ನ ಮಗಳ ಕೈಯನ್ನು ತಾನೇ ಹಿಡಿದು ಮುಂದೆ ಚಾಚಿದಳು. ಅವಳಿಗೆ ದೇವಿಯೂ ಬೇಕಿತ್ತು, ದೇವಿ ಹಾಕುವವನೂ ಬೇಕಿತ್ತು. ಇವೆರಡರ ನಡುವೆ ಜಗಳವಿದೆ ಎಂದು ಅವಳಿಗೆ ಯಾವತ್ತೂ ಅನಿಸಲಿಲ್ಲ.

ವಿರೋಧಕ್ಕೆ ಕಾರಣಗಳೂ ಇದ್ದವು. ಲಸಿಕೆ ಹಾಕಿದ ಕೈ ಎಂಟು ಹತ್ತು ದಿನ ಬಾತುಕೊಂಡು ಜ್ವರ ಬರುತ್ತಿತ್ತು, ಸುಗ್ಗಿಯ ದಿನಗಳಲ್ಲಿ ಕೂಲಿ ತಪ್ಪುತ್ತಿತ್ತು. 1880ರ ಲಸಿಕಾ ಕಾಯ್ದೆಯ ನಂತರ ದಂಡದ ಭಯವೂ ಬಂತು. ಮುಂದೆ ಪ್ಲೇಗಿನ ಕಾಲದಲ್ಲಿ ಮನೆಗೆ ನುಗ್ಗಿ ತಪಾಸಣೆ ನಡೆಸಿದ ಸರ್ಕಾರವನ್ನು ಜನ ಹೇಗೆ ನಂಬಬೇಕಿತ್ತು?

ಅವ್ವನ ತೋಳಿನಲ್ಲಿ ಎರಡು ದೊಡ್ಡ ಕಲೆಗಳಿವೆ, ಚಿಕ್ಕಪ್ಪನಿಗೆ ಒಂದೇ ಇದೆ. ಏಕೆ?

ಇದು ಹಲವು ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ನನ್ನ ಅವ್ವನ ಎಡತೋಳಿನಲ್ಲೂ ಎರಡಿವೆ, ಒಂದರ ಕೆಳಗೊಂದು. ಹಳೆಯ ನಾಣ್ಯದಷ್ಟು ಅಗಲ, ಒಳಗೆ ಸ್ವಲ್ಪ ತಗ್ಗು. ಬೆಳಕಿಗೆ ಓರೆಯಾಗಿ ಹಿಡಿದರೆ ಮಧ್ಯದಿಂದ ಅಂಚಿನವರೆಗೆ ಸಣ್ಣ ಗೆರೆಗಳು ಕಾಣುತ್ತವೆ. ಬೆರಳಾಡಿಸಿದರೆ ಸುತ್ತಲಿನ ಚರ್ಮಕ್ಕಿಂತ ನಯವಾಗಿದೆ.

ಅದು ತಿರುಗು ಮುಳ್ಳಿನ ಕೆಲಸ. ಹಿಡಿಯ ತುದಿಗೆ ಸಣ್ಣ ಬಿಲ್ಲೆ, ಬಿಲ್ಲೆಯ ಮೇಲೆ ಚೂಪಾದ ಹಲ್ಲುಗಳು. ಚರ್ಮದ ಮೇಲೆ ಲಸಿಕೆಯ ಹನಿಯಿಟ್ಟು, ಬಿಲ್ಲೆಯನ್ನು ಒತ್ತಿ ತಿರುಗಿಸುತ್ತಿದ್ದರು. ಲಸಿಕೆ ಹತ್ತದಿದ್ದರೆ ಎಂಬ ಆತಂಕದಿಂದ ಒಂದಕ್ಕಿಂತ ಹೆಚ್ಚು ಕಡೆ ಹಾಕುವ ರೂಢಿಯಿತ್ತು. ಮೂರು ನಾಲ್ಕು ದಿನಕ್ಕೆ ಗಂಟು, ಎಂಟು ಒಂಬತ್ತನೆಯ ದಿನಕ್ಕೆ ಕೀವು, ಸುಮಾರು ಮೂರು ವಾರಕ್ಕೆ ಹೊಪ್ಪಳೆ ಉದುರಿ ಕಲೆ.

1960ರ ದಶಕದ ಕೊನೆಯಲ್ಲಿ ಬಂದ ಕವಲು ಸೂಜಿ ಇದನ್ನು ಬದಲಿಸಿತು. ಅಮೆರಿಕದ ವೈಯತ್ ಕಂಪನಿಯ ಬೆಂಜಮಿನ್ ರೂಬಿನ್ ರೂಪಿಸಿದ ಈ ಸೂಜಿಯ ತುದಿಯಲ್ಲಿ ಎರಡು ಕವಲು. ಅದ್ದಿ ಎತ್ತಿದರೆ ಕವಲುಗಳ ನಡುವೆ ಒಬ್ಬರಿಗೆ ಬೇಕಾದಷ್ಟೇ ಲಸಿಕೆ ನಿಲ್ಲುತ್ತದೆ. ಒಂದೇ ಜಾಗದಲ್ಲಿ 15 ಸಲ ಬೇಗ ಬೇಗ ಚುಚ್ಚಿದರೆ ಕೆಲಸ ಮುಗಿಯಿತು, ಕಲೆಯೂ ಒಂದೇ. ಮೊದಲು 25 ಜನರಿಗೆ ಆಗುತ್ತಿದ್ದ ಲಸಿಕೆ 100 ಜನರಿಗೆ ಸಾಕಾಯಿತು. ಕಂಪನಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಹಕ್ಕುಧನ ಪಡೆಯಲಿಲ್ಲ. ಔಷಧ ಕಂಪನಿಗಳ ಬಗ್ಗೆ ನಾನು ಎಷ್ಟೇ ಕಟುವಾಗಿ ಮಾತಾಡಿದರೂ ಈ ಒಂದು ಕೆಲಸಕ್ಕೆ ಕೈಮುಗಿಯುತ್ತೇನೆ.

ನನ್ನ ತೋಳಿನಲ್ಲೂ ಕಲೆ ಇದೆ, ನಾನು ಹುಟ್ಟಿದ್ದು 1990ರಲ್ಲಿ. ಅದೂ ಸಿಡುಬಿನದೇ?

ಅಲ್ಲ, ಅದು ಕ್ಷಯರೋಗದ ವಿರುದ್ಧ ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯ ಗುರುತು. ಸಾಮಾನ್ಯವಾಗಿ ಎಡತೋಳಿನ ಮೇಲ್ಭಾಗದಲ್ಲಿ, ಚಿಕ್ಕದಾಗಿ ಇರುತ್ತದೆ. ಸಿಡುಬಿನ ಲಸಿಕೆ ಹಾಕುವುದು 1980ರ ಆಸುಪಾಸಿಗೆ ನಿಂತಿತು. ಆಮೇಲೆ ಹುಟ್ಟಿದವರಲ್ಲಿ ಅದರ ಕಲೆ ಇರುವುದಿಲ್ಲ.

ಸಿಡುಬು ತೋರಿಸಿದವರಿಗೆ ಸಾವಿರ ರೂಪಾಯಿ ಕೊಡುತ್ತಿದ್ದರಂತೆ. ನಿಜವೇ?

ನಿಜ, ಅದು ಕಾರ್ಯಕ್ರಮದ ಕೊನೆಯ ಘಟ್ಟ. ಮೊದಲಿಗೆ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಎಲ್ಲರಿಗೂ ಲಸಿಕೆ ಹಾಕುವುದೇ ಗುರಿಯಾಗಿತ್ತು. ಕೋಟ್ಯಂತರ ಲಸಿಕೆ ಹಾಕಿದರೂ ರೋಗ ಹೋಗಲಿಲ್ಲ, ಏಕೆಂದರೆ ಸುಲಭವಾಗಿ ಸಿಗುವವರಿಗೇ ಮತ್ತೆ ಮತ್ತೆ ಹಾಕಲಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 1967ರಲ್ಲಿ ಕೆಲಸವನ್ನು ಚುರುಕುಗೊಳಿಸಿದ ಮೇಲೆ ದಾರಿ ಬದಲಾಯಿತು: ರೋಗಿಯನ್ನು ಹುಡುಕು, ಆ ಮನೆಗೆ ಕಾವಲು ಹಾಕು, ಸುತ್ತಲಿನವರಿಗೆಲ್ಲ ಲಸಿಕೆ ಹಾಕು. ಹುಡುಕುವವರು ಮನೆಮನೆಗೆ, ಸಂತೆಗೆ, ಶಾಲೆಗೆ ರೋಗಿಯ ಚಿತ್ರ ಹಿಡಿದು ಹೋದರು. ಸುದ್ದಿ ತಂದವರಿಗೆ ಮೊದಲು 50 ರೂಪಾಯಿ, ಆಮೇಲೆ 100, 1975ರಲ್ಲಿ 1,000 ರೂಪಾಯಿ ಬಹುಮಾನ. ಅಂದಿನ ಸಾವಿರ ರೂಪಾಯಿಯ ತೂಕ ಎಷ್ಟೆಂದು ಮನೆಯ ಹಿರಿಯರನ್ನೇ ಕೇಳಿ.

ರೋಗ ಯಾವಾಗ ಮುಗಿಯಿತು?

ಮುಗಿಯುವ ಮೊದಲು ಒಮ್ಮೆ ಭುಗಿಲೆದ್ದಿತು. 1974ರಲ್ಲಿ ಭಾರತದಲ್ಲಿ 1,88,000 ಪ್ರಕರಣಗಳು ದಾಖಲಾದವು, 31,000ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವು ಬಿಹಾರ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ಕಡೆ. ದಕ್ಷಿಣದ ರಾಜ್ಯಗಳು ಆ ಹೊತ್ತಿಗೆ ಬಹುಮಟ್ಟಿಗೆ ಪಾರಾಗಿದ್ದವು. ಮರುವರ್ಷವೇ, 1975ರ ಮೇ 24ರಂದು, ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ದೇಶದ ಕೊನೆಯ ರೋಗಿ ಪತ್ತೆಯಾದಳು. ಬಾಂಗ್ಲಾದೇಶದಿಂದ ಬಂದ ಸೋಂಕು ಅದು. ಒಂದೇ ವರ್ಷದಲ್ಲಿ ಲಕ್ಷದಿಂದ ಸೊನ್ನೆಗೆ! ಈ ಅಂಕಿಗಳನ್ನು ಎಷ್ಟು ಸಲ ಬರೆದರೂ ನನಗೆ ಮೈ ಜುಮ್ಮೆನ್ನುತ್ತದೆ.

1977ರ ಏಪ್ರಿಲಿನಲ್ಲಿ ಭಾರತ ಸಿಡುಬುಮುಕ್ತವೆಂದು ಅಂತರರಾಷ್ಟ್ರೀಯ ಆಯೋಗ ದೃಢಪಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ ಜಗತ್ತಿನ ಕೊನೆಯ ಸಹಜ ಸೋಂಕು ಕಾಣಿಸಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ರೋಗ ನಿರ್ಮೂಲವಾಯಿತೆಂದು ಘೋಷಿಸಿತು. ಇಂದು ಆ ವೈರಾಣು ಅಧಿಕೃತವಾಗಿ ಇರುವುದು ಎರಡೇ ಕಡೆ, ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೊಲ್ಟ್ಸೊವೊ ಪ್ರಯೋಗಾಲಯಗಳಲ್ಲಿ.

ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದರಲ್ಲ, ಅದೂ ಕರುವಿನಿಂದಲೇ?

ಅಲ್ಲ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ರೇಬಿಸ್ ಲಸಿಕೆ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ವಿಧಾನ ಅದು. ನೋವೂ ಹೆಚ್ಚು, ಕೆಲವರಲ್ಲಿ ನರಗಳಿಗೆ ತೊಂದರೆಯೂ ಆಗುತ್ತಿತ್ತು. ಭಾರತದಲ್ಲಿ 2004ರ ಕೊನೆಗೆ ಅದನ್ನು ನಿಲ್ಲಿಸಲಾಯಿತು. ಈಗ ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದುಗಳು ಸಾಕು. ನಾಯಿ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಹದಿನಾಲ್ಕರ ಭಯದಿಂದ ಯಾರೂ ಮನೆಯಲ್ಲಿ ಕೂರಬಾರದು.

ಮಂಕಿಪಾಕ್ಸ್ ಸುದ್ದಿ ಬಂದಾಗಿನಿಂದ ಕೇಳಬೇಕೆಂದಿದ್ದೆ: ಹಳೆಯ ಸಿಡುಬಿನ ಲಸಿಕೆ ಅದನ್ನು ತಡೆಯುತ್ತದೆಯೇ?

ಎರಡೂ ಒಂದೇ ಕುಲದ ವೈರಾಣುಗಳಾದ್ದರಿಂದ ಸ್ವಲ್ಪಮಟ್ಟಿನ ರಕ್ಷಣೆ ಇರುತ್ತದೆ. ಆದರೆ ಅರ್ಧ ಶತಮಾನದ ಹಿಂದಿನ ಲಸಿಕೆಯನ್ನು ನೆಚ್ಚಿಕೊಂಡು ನಿರ್ಲಕ್ಷ್ಯ ಮಾಡಬೇಡಿ. ಮೈಮೇಲೆ ಸಂಶಯದ ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಿ. ಸಿಡುಬಿನ ಲಸಿಕೆಯನ್ನು ಸಾಮಾನ್ಯ ಜನರಿಗೆ ಈಗ ಹಾಕುವುದಿಲ್ಲ, ಕೇಳಿಕೊಂಡು ಅಲೆಯಬೇಕಾಗಿಯೂ ಇಲ್ಲ.

ಸಿಡುಬು ಹೋದ ಮೇಲೆ ಈ ಜಾಗಕ್ಕೂ ಲಸಿಕೆಗೂ ನಂಟು ಮುಗಿಯಿತೇ?

ಮುಗಿಯಲಿಲ್ಲ. ರಾಜ್ಯದ ಪ್ರಾದೇಶಿಕ ಲಸಿಕಾ ಉಗ್ರಾಣಗಳಲ್ಲಿ ಬೆಳಗಾವಿಯದೂ ಒಂದು. 2021ರ ಜನವರಿಯಲ್ಲಿ ಕೊರೊನಾ ಲಸಿಕೆಯ ಮೊದಲ ಕಂತು ಪುಣೆಯಿಂದ ರಸ್ತೆಯ ಮೂಲಕ ಬಂದು ಇಳಿದದ್ದು ಇದೇ ಡಿಪೋದಲ್ಲಿ. ಇಲ್ಲಿಂದ ಅದು ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಹೊರಟಿತು. ಒಂದು ಕಾಲದಲ್ಲಿ ಮರದ ನೆರಳನ್ನೂ ಚಳಿಗಾಲವನ್ನೂ ನೆಚ್ಚಿಕೊಂಡಿದ್ದ ಕೆಲಸವನ್ನು ಈಗ 2ರಿಂದ 8 ಡಿಗ್ರಿಯಲ್ಲಿಡುವ ಶೀತಕಗಳು ಮಾಡುತ್ತವೆ.

ನಮ್ಮ ಮನೆಯಲ್ಲೂ ಹಿರಿಯರಿದ್ದಾರೆ. ಅವರಿಂದ ಏನು ಕೇಳಿ ಬರೆದಿಟ್ಟುಕೊಳ್ಳಬೇಕು?

ಸಿಡುಬನ್ನು ಕಣ್ಣಾರೆ ಕಂಡವರು ಈಗ ಅರವತ್ತು ದಾಟಿದ್ದಾರೆ, ಇನ್ನು ತಡಮಾಡಬೇಡಿ. ರೋಗಕ್ಕೆ ಅವರ ಊರಿನಲ್ಲಿ ಯಾವ ಹೆಸರಿತ್ತು, ಮನೆಯಲ್ಲಿ ಯಾವ ಅಡುಗೆ ಬಿಡುತ್ತಿದ್ದರು, ದೇವಿ ಹಾಕುವವರು ಸೈಕಲ್ಲಿನ ಮೇಲೆ ಬಂದರೋ ನಡೆದು ಬಂದರೋ, ಲಸಿಕೆ ಹಾಕಿದ್ದು ಶಾಲೆಯಲ್ಲೋ ಚಾವಡಿಯಲ್ಲೋ, ಮುಳ್ಳಿನ ಬಿಲ್ಲೆಯಿಂದಲೋ ಸೂಜಿಯಿಂದಲೋ ಎಂದು ಕೇಳಿ. ಡಿಪೋದಲ್ಲಿ ದುಡಿದವರೋ, ಕರು ಕೊಟ್ಟವರೋ, ಮೇವು ತಂದವರೋ ನಿಮ್ಮ ಬಂಧುಗಳಲ್ಲಿದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ದೊಡ್ಡ ವಿಜ್ಞಾನಿಗಳ ಹೆಸರು ಉಳಿದಿದೆ. ಕೊಟ್ಟಿಗೆ ತೊಳೆದವರ, ಕರುವಿಗೆ ಮೇವು ಹಾಕಿದವರ, ಗಾಜಿನ ನಳಿಗೆಯ ತುದಿಯನ್ನು ಉರಿಗೆ ಹಿಡಿದವರ ಹೆಸರುಗಳು ಉಳಿದಿಲ್ಲ.

ಮೊನ್ನೆ ಡಿಪೋದ ಕಲ್ಲುಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಅವಳು ಸೆರಗು ಸರಿಸಿ ತೋಳಿನ ಎರಡು ಕಲೆಗಳನ್ನು ನೋಡಿಕೊಂಡಳು. “ಕೆಳಗಿನದು ಬೇಗ ವಾಸಿಯಾಯಿತು. ಮೇಲಿನದನ್ನು ನಾನು ಕೆರೆದುಕೊಂಡಿದ್ದೆ, ಅದಕ್ಕೇ ದೊಡ್ಡದಾಗಿದೆ” ಎಂದಳು.